ಕೈರೋದ ಹಕೀಮಾಗಳು: ಡಾಕ್ಟರಲ್ಲದ ಚಿಕಿತ್ಸಕರ ಒಂದು ಚರಿತ್ರೆ

ಹಳ್ಳಿಯ ಆರೋಗ್ಯ ಉಪಕೇಂದ್ರಕ್ಕೆ ಹೋದರೆ ಇಂದು ಅಲ್ಲಿ ಎಂಬಿಬಿಎಸ್ ಓದಿದ ಡಾಕ್ಟರ್ ಇರುವುದಿಲ್ಲ. ನರ್ಸಿಂಗ್ ಪದವಿಯ ಜೊತೆಗೆ ಹೆಚ್ಚಿನ ತರಬೇತಿ ಪಡೆದ ಸಮುದಾಯ ಆರೋಗ್ಯ ಅಧಿಕಾರಿ ಇರುತ್ತಾರೆ. ಅವರು ರಕ್ತದೊತ್ತಡ ನೋಡುತ್ತಾರೆ, ಸಕ್ಕರೆ ಕಾಯಿಲೆಯವರಿಗೆ ಮಾತ್ರೆ ಕೊಡುತ್ತಾರೆ, ಗರ್ಭಿಣಿಯರನ್ನು ವಿಚಾರಿಸುತ್ತಾರೆ. "ಡಾಕ್ಟರ್ ಇಲ್ಲವೇ? ನರ್ಸಮ್ಮನೇ ನೋಡುವುದೇ?" ಎಂಬ ಗೊಣಗು ನಮ್ಮ ಮನೆಗಳಲ್ಲಿಯೂ ಕೇಳಿಬರುತ್ತದೆ.

ಈ ಗೊಣಗನ್ನು ಬರಿಯ ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ. ಅದರೊಳಗೆ ಎರಡು ನ್ಯಾಯವಾದ ಪ್ರಶ್ನೆಗಳಿವೆ. ಇವರಿಗೆ ನಿಜಕ್ಕೂ ವಿದ್ಯೆ ತಿಳಿದಿದೆಯೇ ಎಂಬುದು ಒಂದು. ಹಣವಂತರಿಗೆ ಡಾಕ್ಟರ್, ಬಡವರಿಗೆ ಮಾತ್ರ ಸಹಾಯಕರು ಎಂಬ ಏರ್ಪಾಡು ಇದಲ್ಲವೇ ಎಂಬುದು ಇನ್ನೊಂದು.

ಡಾಕ್ಟರಲ್ಲದ ತರಬೇತುಗೊಂಡ ಚಿಕಿತ್ಸಕರ ಚರಿತ್ರೆಯನ್ನು ಸಾಮಾನ್ಯವಾಗಿ 1965ರಿಂದ ಆರಂಭಿಸುತ್ತಾರೆ. ಆ ವರ್ಷ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಡಾ. ಯೂಜಿನ್ ಸ್ಟೆಡ್ ಅವರು ನೌಕಾಪಡೆಯಲ್ಲಿ ವೈದ್ಯಕೀಯ ಕೆಲಸ ಮಾಡಿ ಬಂದಿದ್ದ ನಾಲ್ವರನ್ನು ಸೇರಿಸಿಕೊಂಡು 'ಫಿಸಿಶಿಯನ್ ಅಸಿಸ್ಟೆಂಟ್' ತರಬೇತಿಯನ್ನು ಆರಂಭಿಸಿದರು. ಅದೇ ವರ್ಷ ಕೊಲರಾಡೊದಲ್ಲಿ ಲೊರೆಟಾ ಫೋರ್ಡ್ ಎಂಬ ನರ್ಸ್ ಮತ್ತು ಹೆನ್ರಿ ಸಿಲ್ವರ್ ಎಂಬ ವೈದ್ಯರು 'ನರ್ಸ್ ಪ್ರಾಕ್ಟೀಶನರ್' ಶಿಕ್ಷಣಕ್ಕೆ ಅಡಿಪಾಯ ಹಾಕಿದರು. ಆದರೆ ಅದಕ್ಕೂ 130ಕ್ಕಿಂತ ಹೆಚ್ಚು ವರ್ಷಗಳ ಹಿಂದೆಯೇ ಈಜಿಪ್ಟಿನ ಸರಕಾರ ತನ್ನ ಬೊಕ್ಕಸದ ಹಣದಿಂದ ಇಂತಹ ಚಿಕಿತ್ಸಕಿಯರನ್ನು ತಯಾರು ಮಾಡಿತ್ತು. ಅವರ ಹೆಸರು ಹಕೀಮಾ.

ಅವರ ಕಥೆಗೆ ಮುನ್ನ ನಮ್ಮ ಪರಂಪರೆಯಲ್ಲಿ ಈ ವಿಷಯಕ್ಕಿರುವ ತಳಹದಿಯನ್ನು ನೆನೆಯುವುದು ಯುಕ್ತ. ಖಂದಕ್ ಯುದ್ಧದಲ್ಲಿ ಸಅದ್ ಬಿನ್ ಮುಆದ್(ರ) ಗಾಯಗೊಂಡಾಗ ಪ್ರವಾದಿವರ್ಯರು(ಸ) ಅವರನ್ನು ಮದೀನಾದ ಮಸೀದಿಯಲ್ಲಿದ್ದ ಡೇರೆಯಲ್ಲಿ ಇರಿಸಿದರು. ಅದು ಅಸ್ಲಮ್ ಗೋತ್ರದ ರುಫೈದಾ(ರ) ಅವರ ಡೇರೆಯಾಗಿತ್ತೆಂದು ಇಬ್ನ್ ಇಸ್‌ಹಾಕ್‌ರ ಸೀರತ್ ತಿಳಿಸುತ್ತದೆ. ಆ ಮಹಿಳೆ ಗಾಯಾಳುಗಳಿಗೆ ಚಿಕಿತ್ಸೆ ನೀಡುತ್ತಿದ್ದರು. ನೋಡಿಕೊಳ್ಳುವವರಿಲ್ಲದವರ ಸೇವೆಯನ್ನು ಅಲ್ಲಾಹನ ಪ್ರತಿಫಲಕ್ಕಾಗಿ ವಹಿಸಿಕೊಂಡಿದ್ದರು.

ಸೇವಾಭಾವವೊಂದೇ ಸಾಲದು ಎಂಬುದನ್ನೂ ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ವೈದ್ಯವಿದ್ಯೆ ಬಲ್ಲವನೆಂದು ಗುರುತಿಸಲ್ಪಡದವನು ಚಿಕಿತ್ಸೆಗೆ ಕೈಹಾಕಿದರೆ ಆಗುವ ಹಾನಿಗೆ ಅವನೇ ಹೊಣೆ ಎಂಬ ಆಶಯದ ಹದೀಸ್ ಅಬೂದಾವೂದ್, ನಸಾಈ ಮತ್ತು ಇಬ್ನ್ ಮಾಜಃ ಸಂಗ್ರಹಗಳಲ್ಲಿದೆ. ಇದನ್ನು ವಿವರಿಸುತ್ತ ಇಬ್ನುಲ್ ಕಯ್ಯಿಮ್(ರಹ್) ಅವರು 'ತಬೀಬ್' ಎಂಬ ಪದದ ವ್ಯಾಪ್ತಿಯಲ್ಲಿ ದೊಡ್ಡ ವೈದ್ಯರನ್ನಷ್ಟೇ ಅಲ್ಲ, ಕಣ್ಣಿನ ಚಿಕಿತ್ಸಕ, ಮೂಳೆ ಕೂಡಿಸುವವನು, ರಕ್ತ ತೆಗೆಯುವವನು, ಹಿಜಾಮಾ ಮಾಡುವವನು, ಸುನ್ನತಿ ಮಾಡುವವನು ಎಲ್ಲರನ್ನೂ ಸೇರಿಸುತ್ತಾರೆ. ಅಂದರೆ ಬಿರುದು ಯಾವುದು ಎಂಬುದು ಇಲ್ಲಿ ಮುಖ್ಯವಲ್ಲ. ತಾನು ಮಾಡುವ ಕೆಲಸದ ವಿದ್ಯೆ ಅವನಲ್ಲಿದೆಯೇ, ಅದರ ಎಲ್ಲೆಯನ್ನು ಅವನು ಮೀರಿದನೇ ಎಂಬುದು ಮುಖ್ಯ. 12ನೇ ಶತಮಾನದಲ್ಲಿ ಅಶ್ಶೈಝರಿ ಬರೆದ ಹಿಸ್ಬಾ ಕೈಪಿಡಿಯಲ್ಲಿಯೂ ಇದೇ ನೀತಿಯಿದೆ. ಪೇಟೆಯ ಮೇಲ್ವಿಚಾರಕನಾದ ಮುಹ್ತಸಿಬನು ಕಣ್ಣಿನ ಚಿಕಿತ್ಸಕರನ್ನೂ ಮೂಳೆ ಕೂಡಿಸುವವರನ್ನೂ ಅವರವರ ವಿದ್ಯೆಯ ಗ್ರಂಥಗಳಲ್ಲಿ ಪರೀಕ್ಷಿಸಬೇಕೆಂದು ಅದು ವಿಧಿಸುತ್ತದೆ.

ಇನ್ನು ಈಜಿಪ್ಟಿಗೆ ಬರೋಣ. 1805ರಿಂದ 1848ರವರೆಗೆ ಅಲ್ಲಿ ಮುಹಮ್ಮದ್ ಅಲಿ ಪಾಶಾನ ಆಡಳಿತವಿತ್ತು. ರೈತರನ್ನು ಕಡ್ಡಾಯವಾಗಿ ಸೇರಿಸಿ ಅವನು ದೊಡ್ಡ ಸೈನ್ಯವನ್ನು ಕಟ್ಟಿದ. ಸೈನಿಕರು ಕಾಯಿಲೆಯಿಂದ ಸಾಯತೊಡಗಿದಾಗ ಫ್ರಾನ್ಸಿನ ವೈದ್ಯ ಆಂಟನ್ ಕ್ಲೋ ಎಂಬವರನ್ನು ಕರೆಸಿದ. ಕ್ಲೋ ಬೇ ಎಂದೇ ಪ್ರಸಿದ್ಧರಾದ ಇವರು 1827ರಲ್ಲಿ ಕೈರೋ ಸಮೀಪದ ಅಬೂ ಝಅಬಲ್‌ನಲ್ಲಿ ವೈದ್ಯಶಾಲೆಯನ್ನು ಸ್ಥಾಪಿಸಿದರು. ಅದು 1837ರಲ್ಲಿ ಕೈರೋದ ಕಸ್ರುಲ್ ಐನಿಗೆ ಸ್ಥಳಾಂತರಗೊಂಡಿತು.

ಅಲ್ಲಿ ಕಲಿತ ಗಂಡಸರು ಮುಖ್ಯವಾಗಿ ಸೈನ್ಯಕ್ಕೆ ಹೋದರು. ಊರಿನಲ್ಲಿ ಸಿಡುಬು ಮಕ್ಕಳನ್ನು ಬಲಿತೆಗೆದುಕೊಳ್ಳುತ್ತಿತ್ತು. ಹೆಂಗಸರು ಪರಪುರುಷನಾದ ವೈದ್ಯನ ಮುಂದೆ ಬರುತ್ತಿರಲಿಲ್ಲ. ಹೆರಿಗೆಗಳೆಲ್ಲ 'ದಾಯಾ' ಎಂದು ಕರೆಯಲ್ಪಡುವ ಸೂಲಗಿತ್ತಿಯರ ಕೈಯಲ್ಲಿದ್ದವು. ಆದ್ದರಿಂದ ಸಿಡುಬಿನ ಲಸಿಕೆ ಹಾಕುವ ಕೆಲಸವನ್ನು ಹಳ್ಳಿಯ ಕ್ಷೌರಿಕರಿಗೆ ಕಲಿಸಲಾಯಿತು. ಮಹಿಳೆಯರಿಗಾಗಿ 1832ರಲ್ಲಿ ಪ್ರತ್ಯೇಕ ಶಾಲೆಯೊಂದು ಆರಂಭವಾಯಿತು.

ಆ ಶಾಲೆಗೆ ಯಾರೂ ತಮ್ಮ ಹೆಣ್ಣುಮಕ್ಕಳನ್ನು ಕಳುಹಿಸಲಿಲ್ಲ. ಕೊನೆಗೆ ಸರಕಾರ ಕೈರೋದ ಗುಲಾಮರ ಸಂತೆಯಿಂದ ಅಬಿಸೀನಿಯಾ ಮತ್ತು ಸುಡಾನ್ ಮೂಲದ ಹತ್ತು ಹುಡುಗಿಯರನ್ನು ಕೊಂಡು ತಂದು ತರಗತಿ ಆರಂಭಿಸಿತು. ಮುಂದೆ ಅನಾಥ ಬಾಲಕಿಯರು ಸೇರಿದರು. ಈ ಸಂಗತಿಯನ್ನು ಮುಚ್ಚಿಟ್ಟು ಚರಿತ್ರೆಯನ್ನು ಹೊಗಳುವುದು ಪ್ರಾಮಾಣಿಕತೆಯಲ್ಲ. ಗುಲಾಮರ ವಿಮೋಚನೆಯನ್ನು ಮಹಾ ಪುಣ್ಯಕಾರ್ಯವೆಂದು ಸಾರಿದ ಧರ್ಮದ ನಾಡಿನಲ್ಲಿ, ಸ್ವತಂತ್ರ ಕುಟುಂಬಗಳು ಕೀಳೆಂದು ಬಿಟ್ಟ ಕೆಲಸವನ್ನು ಕೊಂಡು ತಂದ ಹುಡುಗಿಯರ ಹೆಗಲಿಗೆ ಹೊರಿಸಲಾಯಿತು.

ಆದರೆ ಕಲಿಕೆಯಲ್ಲಿ ಕಡಿತ ಮಾಡಲಿಲ್ಲ. ಆರು ವರ್ಷಗಳ ಶಿಕ್ಷಣ. ಮೊದಲಿಗೆ ಅರಬಿ ಓದುಬರಹ, ಬಳಿಕ ಹೆರಿಗೆ ಶಾಸ್ತ್ರ, ಗಾಯಕ್ಕೆ ಪಟ್ಟಿ ಕಟ್ಟುವುದು, ಲಸಿಕೆ, ರಕ್ತ ತೆಗೆಯುವುದು, ಸರಳ ಔಷಧಿಗಳ ತಯಾರಿ. ಉತ್ತೀರ್ಣರಾದವರಿಗೆ ಸೇನೆಯ ಕಿರಿಯ ಅಧಿಕಾರಿಗೆ ಸಮನಾದ ದರ್ಜೆಯೂ ಸರಕಾರಿ ಸಂಬಳವೂ ದೊರೆಯುತ್ತಿದ್ದವು. ವೈದ್ಯಶಾಲೆಯ ಪದವೀಧರರೊಂದಿಗೆ ಅವರ ನಿಕಾಹ್ ಮಾಡಿಸಿ, ಇಬ್ಬರನ್ನೂ ಒಂದೇ ಊರಿಗೆ ನೇಮಿಸುವ ಏರ್ಪಾಡಿತ್ತು. ಇದೇ ಶಾಲೆಯಲ್ಲಿ ಓದಿದ ತಮ್ರಹಾನ್ ಎಂಬ ಮಹಿಳೆ ಇಲ್ಲಿಯೇ ಶಿಕ್ಷಕಿಯಾದರು. ಅವರ ಮಗಳು ಜಲೀಲಾ ತಮ್ರಹಾನ್ ಅದೇ ವೃತ್ತಿಯನ್ನು ಹಿಡಿದು ಹೆರಿಗೆ ಶಾಸ್ತ್ರದ ಬಗ್ಗೆ ಅರಬಿಯಲ್ಲಿ ಗ್ರಂಥವನ್ನೂ ಬರೆದರು.

ಹಕೀಮಾಗಳು ಕೈರೋದ ಅಝ್ಬಕಿಯ್ಯಾ ನಾಗರಿಕ ಆಸ್ಪತ್ರೆಯಲ್ಲಿ ಹೆಂಗಸರು ಮತ್ತು ಮಕ್ಕಳಿಗೆ ಚಿಕಿತ್ಸೆ ನೀಡಿದರು, ಉಚಿತವಾಗಿ ಲಸಿಕೆ ಹಾಕಿದರು. ಮೊಹಲ್ಲಾಗಳಲ್ಲಿ ಜನನಗಳ ಲೆಕ್ಕವಿಟ್ಟರು, ಮೃತ ಮಹಿಳೆಯರ ಸಾವಿನ ಕಾರಣವನ್ನು ಪರಿಶೀಲಿಸಿದರು. ದಾಯಾಗಳನ್ನು ಪರೀಕ್ಷಿಸಿ ಪರವಾನಗಿ ಕೊಡುವುದರಲ್ಲಿ ಅವರ ಪಾತ್ರವಿತ್ತು. ಕ್ಲಿಷ್ಟ ಹೆರಿಗೆಯಲ್ಲಿ ದಾಯಾ ತಾನೇ ಕೈಹಾಕದೆ ಇವರನ್ನು ಕರೆಯಬೇಕಿತ್ತು. ಹೀಗೆ ಯಾರ ಕೆಲಸ ಎಲ್ಲಿ ಮುಗಿಯುತ್ತದೆ, ಯಾರದು ಎಲ್ಲಿ ಆರಂಭವಾಗುತ್ತದೆ ಎಂಬ ಎಲ್ಲೆಯನ್ನು ಗುರುತಿಸಲಾಗಿತ್ತು. ಕ್ಷೌರಿಕರು ಮತ್ತು ಹಕೀಮಾಗಳು ನಡೆಸಿದ ಲಸಿಕೆ ಕಾರ್ಯವನ್ನು ಆ ಕಾಲದ ಈಜಿಪ್ಟಿನ ಆರೋಗ್ಯ ವ್ಯವಸ್ಥೆಯ ದೊಡ್ಡ ಯಶಸ್ಸೆಂದು ಚರಿತ್ರೆಕಾರರು ಗಣಿಸುತ್ತಾರೆ. ಡಾಕ್ಟರರಿಗಾಗಿ ಕಾಯುತ್ತ ಕುಳಿತಿದ್ದರೆ ಅಷ್ಟು ಮಕ್ಕಳನ್ನು ತಲುಪಲು ಸಾಧ್ಯವೇ ಇರಲಿಲ್ಲ.

ಹಾಗೆಂದು ಜನರು ಅವರನ್ನು ಕೂಡಲೇ ನಂಬಲಿಲ್ಲ. ತೋಳಿನ ಮೇಲಿನ ಲಸಿಕೆಯ ಗುರುತು ಮಗನನ್ನು ಮುಂದೆ ಸೈನ್ಯಕ್ಕೆ ಎಳೆದೊಯ್ಯಲು ಹಾಕಿದ ಮುದ್ರೆ ಎಂದು ತಾಯಂದಿರು ಹೆದರಿದರು. ಅಪರಾಧ ಪ್ರಕರಣಗಳಲ್ಲಿ ಹೆಂಗಸರ ದೇಹ ಪರೀಕ್ಷೆ ನಡೆಸಿ ಪೊಲೀಸರಿಗೆ ವರದಿ ಕೊಡುವ ಕೆಲಸವೂ ಹಕೀಮಾಗಳದ್ದೇ ಆಗಿತ್ತು. ಚಿಕಿತ್ಸೆಗೆಂದು ಬರುವ ಕೈಯೇ ಸರಕಾರದ ಕಣ್ಣೂ ಆದಾಗ ಬಡವನಿಗೆ ಭಯವಾಗುವುದು ಸಹಜ. ಅನೇಕ ಮನೆಗಳು ಪರಿಚಯದ ದಾಯಾಳನ್ನೇ ಕರೆಯುತ್ತಿದ್ದವು.

1882ರಲ್ಲಿ ಬ್ರಿಟಿಷರು ಈಜಿಪ್ಟನ್ನು ವಶಪಡಿಸಿಕೊಂಡರು. ಆ ಶತಮಾನ ಮುಗಿಯುವಷ್ಟರಲ್ಲಿ ವೈದ್ಯಶಿಕ್ಷಣದ ಭಾಷೆ ಅರಬಿಯಿಂದ ಇಂಗ್ಲಿಷಿಗೆ ತಿರುಗಿತು. ಹಕೀಮಾಗಳ ಸ್ಥಾನ ಕುಗ್ಗಿ, ವೈದ್ಯನ ಆಜ್ಞೆ ಪಾಲಿಸುವ ದಾದಿಯ ಮಟ್ಟಕ್ಕೆ ಇಳಿಯಿತು. ಸ್ವಂತ ವಿವೇಚನೆಯಿಂದ ಚಿಕಿತ್ಸೆ ನೀಡುತ್ತಿದ್ದ ಮಹಿಳೆಯರ ಒಂದು ಪರಂಪರೆ ಹೀಗೆ ಸೊರಗಿತು.

ಇಂದು ಅದೇ ಚರ್ಚೆ ಮತ್ತೆ ಜೀವಂತವಾಗಿದೆ. ಇಂಗ್ಲೆಂಡಿನ ಸರಕಾರಿ ಆರೋಗ್ಯ ಸೇವೆಯಲ್ಲಿ 'ಫಿಸಿಶಿಯನ್ ಅಸೋಸಿಯೇಟ್' ಎಂಬ ಹೆಸರು ರೋಗಿಗಳಲ್ಲಿ ಗೊಂದಲ ಉಂಟುಮಾಡುತ್ತದೆ ಎಂಬ ದೂರುಗಳು ಬಂದವು. 2025ರಲ್ಲಿ ಪ್ರಕಟವಾದ ಲೆಂಗ್ ವರದಿಯು ಅವರನ್ನು 'ಅಸಿಸ್ಟೆಂಟ್' ಎಂದೇ ಕರೆಯಬೇಕು, ಅವರ ಕೆಲಸದ ಎಲ್ಲೆ ಸ್ಪಷ್ಟವಾಗಿರಬೇಕು ಎಂದು ಶಿಫಾರಸು ಮಾಡಿತು. ನಮ್ಮ ದೇಶದ 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯಿದೆಯ 32ನೇ ಕಲಮು ಸಮುದಾಯ ಆರೋಗ್ಯ ಸೇವಕರಿಗೆ ಸೀಮಿತ ಪರವಾನಗಿ ನೀಡಲು ಅವಕಾಶ ಕೊಟ್ಟಿದೆ. ಪ್ರಾಥಮಿಕ ಮತ್ತು ರೋಗ ತಡೆಯುವ ಚಿಕಿತ್ಸೆಯಲ್ಲಿ ಮಾತ್ರ ಅವರು ಸ್ವತಂತ್ರವಾಗಿ ಔಷಧಿ ಬರೆಯಬಹುದು. ಉಳಿದೆಡೆ ವೈದ್ಯರ ಮೇಲ್ವಿಚಾರಣೆ ಬೇಕು.

ಆರಂಭದ ಎರಡು ಪ್ರಶ್ನೆಗಳಿಗೆ ಕೈರೋದ ಚರಿತ್ರೆ ಉತ್ತರ ಕೊಡುತ್ತದೆ. ವಿದ್ಯೆ ತಿಳಿದಿದೆಯೇ ಎಂಬುದನ್ನು ಕೇಳುವುದು ರೋಗಿಯ ಹಕ್ಕು. ಪರೀಕ್ಷಿಸಿ ಖಾತರಿ ಪಡಿಸುವುದು ಆಡಳಿತದ ಅಮಾನತು. ವಿದ್ಯೆ ಇದ್ದಮೇಲೆ, 'ಬರಿಯ ನರ್ಸ್' ಎಂದು ಹೀಗಳೆಯುವುದು ಅನ್ಯಾಯ. ಎರಡನೆಯ ಪ್ರಶ್ನೆಗೆ ಉತ್ತರ ಇನ್ನೂ ಕಠಿಣ. ಸಹಾಯಕರ ಹಿಂದೆ ಡಾಕ್ಟರ್ ಇದ್ದು, ಕಾಯಿಲೆ ಕೈಮೀರಿದಾಗ ರೋಗಿ ಅವರನ್ನು ತಲುಪುವ ದಾರಿ ತೆರೆದಿದ್ದರೆ ಅದು ಸೇವೆ. ಹಿಂದೆ ಯಾರೂ ಇಲ್ಲದೆ, ಅಗ್ಗವೆಂಬ ಕಾರಣಕ್ಕೆ ಅವರನ್ನು ಬಡವರ ಊರಿನಲ್ಲಿ ಕೂರಿಸಿದರೆ ಅದು ಬಡವರಿಗೂ ಆ ಸಹಾಯಕರಿಗೂ ಮಾಡುವ ದ್ರೋಹ.

ವೈದ್ಯವಿದ್ಯೆ ಫರ್ದ್ ಕಿಫಾಯ, ಅಂದರೆ ಇಡೀ ಸಮುದಾಯದ ಮೇಲಿನ ಹೊಣೆ ಎಂದು ಇಮಾಮ್ ಗಝ್ಝಾಲಿ(ರಹ್) ಬರೆದಿದ್ದಾರೆ. ಜನರೆಲ್ಲ ಫಿಕ್ಹ್ ಕಲಿಯಲು ಮುಗಿಬಿದ್ದು, ಎಷ್ಟೋ ಊರುಗಳಲ್ಲಿ ಮುಸ್ಲಿಮ್ ವೈದ್ಯನೊಬ್ಬನೂ ಇಲ್ಲದಂತಾಗಿದೆ ಎಂದು ಅವರು ಮರುಗಿದ್ದರು. ಸ್ವತಃ ಮದ್ರಸದಲ್ಲಿ ಕಲಿಸುವ ನನಗೆ ಆ ಮಾತು ಚುಚ್ಚುತ್ತದೆ. ನಮ್ಮ ಹುಡುಗಿಯೊಬ್ಬಳು ನರ್ಸಿಂಗ್ ಓದುತ್ತೇನೆಂದಾಗ "ನಮ್ಮ ಮನೆಯವರಿಗೆ ಅದೇಕೆ?" ಎಂದು ಕೇಳುವ ನಾವು, ಹೆರಿಗೆಯ ಹೊತ್ತಿಗೆ "ಹೆಂಗಸರೇ ನೋಡಲಿ" ಎಂದು ಹಟ ಹಿಡಿಯುತ್ತೇವೆ. 1832ರಲ್ಲಿ ಕೈರೋದ ಕುಟುಂಬಗಳು ಮಾಡಿದ್ದೂ ಇದನ್ನೇ. ರುಫೈದಾ(ರ) ಅವರ ಡೇರೆ ಮಸೀದಿಯಲ್ಲಿಯೇ ಇತ್ತು ಎಂಬುದನ್ನು ನಾವು ಮರೆಯದಿರೋಣ.

ರೋಗಿಗಳ ಸೇವೆಯಲ್ಲಿರುವ ಎಲ್ಲರ ಶ್ರಮವನ್ನು ಅಲ್ಲಾಹನು ಸ್ವೀಕರಿಸಲಿ; ಆ ಸೇವೆಗೆ ತಕ್ಕ ವಿದ್ಯೆಯನ್ನೂ ಗೌರವವನ್ನೂ ನಮ್ಮ ಮಕ್ಕಳಿಗೆ ದಯಪಾಲಿಸಲಿ. ಆಮೀನ್.