ಬಾಲದಲ್ಲೊಂದು ‘ಕೊ’

ಓದುಗರೊಬ್ಬರು ಒಂದು ಆಮಂತ್ರಣ ಪತ್ರಿಕೆ ಕಳಿಸಿ, ಅದರ ಒಂದು ಪದದಡಿ ಕೆಂಪು ಗೆರೆ ಎಳೆದಿದ್ದಾರೆ. ‘ವನಮಹೋತ್ಸವ ಕಾರ್ಯಕ್ರಮವನ್ನು ಹಮ್ಮಿಕೊಳ್ಳಲಾಗಿದೆ.’ ಈ ಹಮ್ಮಿಕೊಳ್ಳುವುದರಲ್ಲಿ ‘ಹಮ್ಮು’ ಇದೆಯೇ ಎಂಬುದು ಅವರ ಪ್ರಶ್ನೆ. ಅದನ್ನು ನಿಘಂಟುಕಾರರಿಗೆ ಬಿಡುತ್ತೇನೆ. ನನ್ನ ಕಣ್ಣು ಹೋದದ್ದು ಪದದ ಬಾಲಕ್ಕೆ. ‘ಕೊಳ್ಳು’ ಬಂತೆಂದರೆ ಅಲ್ಲೊಬ್ಬ ‘ತಾನು’ ಇದ್ದಾನೆ. ಕೆಲಸ ಅವನದು, ಫಲವೂ ಅವನದು. ಅದಕ್ಕೆ ‘ಲಾಗಿದೆ’ ಅಂಟಿಸಿದ ಕೂಡಲೇ ಆ ‘ತಾನು’ ಕಾಣೆ. ಹಮ್ಮಿಕೊಂಡವರು ಯಾರು? ಗುಂಡಿ ತೋಡುವವರು ಯಾರು, ಬೇಸಿಗೆಯಲ್ಲಿ ನೀರು ಹೊಯ್ಯುವವರು ಯಾರು? ಈಗಿನ ಕನ್ನಡದಲ್ಲಿ ಜಾಗೃತಿ ಮೂಡಿಸಲಾಗುತ್ತದೆ, ಸಸಿ ನೆಡಲಾಗುತ್ತದೆ, ಭರವಸೆ ನೀಡಲಾಗುತ್ತದೆ. ಭರವಸೆಯನ್ನು ಇನ್ನೊಬ್ಬರು ಕೊಡಬೇಕು, ನಾವು ಕೈಯೊಡ್ಡಿ ನಿಲ್ಲಬೇಕು ಎಂಬಂತಾಗಿರುವುದು ನನಗೆ ನಿಜಕ್ಕೂ ಸಂಕಟದ ಸಂಗತಿ. ಮನೆಯ ಹಿರಿಯರು ಹೇಳುತ್ತಿದ್ದುದು ‘ಧೈರ್ಯ ತಂದುಕೊ’, ‘ನಂಬಿಕೆ ಇಟ್ಟುಕೊ’ ಎಂದಲ್ಲವೇ?

ನನ್ನದೊಂದು ವಾದವಿದೆ. ಜನ ತಾವಾಗಿ ಎದ್ದು ನಿಂತಾಗ ಕನ್ನಡ ಈ ‘ಕೊ’ವನ್ನು ಹುಡುಕಿಕೊಂಡು ಹೋಗುತ್ತದೆ.

1983ರ ಸೆಪ್ಟೆಂಬರ್ 8ರಂದು ಶಿರಸಿ ಬಳಿಯ ಸಾಲ್ಕಣಿಯ ಜನ ಕಾಡಿಗೆ ನಡೆದುಹೋಗಿ, ಕೊಡಲಿ ಬೀಳಲಿದ್ದ ಮರಗಳನ್ನು ತಬ್ಬಿ ನಿಂತರು. ಹಿಮಾಲಯದ ಚಿಪ್ಕೋ ಚಳವಳಿ ಅವರಿಗೆ ಸ್ಫೂರ್ತಿ. ಇಲ್ಲಿನ ಚಳವಳಿಗೆ ‘ಅಪ್ಪಿಕೊ’ ಎಂದು ಹೆಸರಾಯಿತು. ಪ್ರಾಸ ಚೆನ್ನಾಗಿ ಕೂತಿತೆಂದು ಎಲ್ಲರೂ ಹೇಳುತ್ತಾರೆ. ನಾನು ಮೆಚ್ಚುವುದು ಅದರ ಏಕವಚನವನ್ನು. ಊರ ಹಿರಿಯರಿಗೆ ಯಾರೂ ‘ಅಪ್ಪಿಕೊ’ ಎನ್ನುವುದಿಲ್ಲ, ‘ಅಪ್ಪಿಕೊಳ್ಳಿ’ ಎನ್ನುತ್ತಾರೆ. ಏಕವಚನ ಸಲ್ಲುವುದು ಆಪ್ತರಿಗೆ, ದೇವರಿಗೆ, ಇಲ್ಲವೇ ತನ್ನದೇ ಮನಸ್ಸಿಗೆ. ಹಾಗಾಗಿ ಆ ಹೆಸರು ಪ್ರತಿಯೊಬ್ಬರೂ ತಮಗೆ ತಾವೇ ಹೇಳಿಕೊಂಡ ಮಾತು ಎಂದೇ ನಾನು ತಿಳಿದಿದ್ದೇನೆ. ‘ಉಳಿಸು, ಬೆಳೆಸು, ಬಳಸು’ ಎಂಬ ಅವರ ಘೋಷಣೆಯೂ ಏಕವಚನವೇ. ‘ಬಳಸು’ ಎಂಬ ಕೊನೆಯ ಮಾತನ್ನು ಪೇಟೆಯ ಪರಿಸರಪ್ರೇಮಿಗಳು ಮರೆಯುತ್ತಾರೆ. ಸೊಪ್ಪಿಗೆ, ಒಣ ಎಲೆಯ ದರಕಿಗೆ ಕಾಡಿಗೆ ಹೋಗುವವರು ಮರೆಯಲಾರರು.

ಇನ್ನೊಂದು ‘ಕೊ’ ಹುಟ್ಟಿದ್ದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ, 1987ರ ನವೆಂಬರ್ 14ರಂದು. ಸರ್ಕಾರವೂ ಹರಿಹರ ಪಾಲಿಫೈಬರ್ಸೂ ಸೇರಿ 1984ರಲ್ಲಿ ಕಟ್ಟಿದ ಕರ್ನಾಟಕ ಪಲ್ಪ್‌ವುಡ್ ಕಂಪನಿಗೆ ಸುಮಾರು 30,000 ಹೆಕ್ಟೇರ್ ಭೂಮಿ ನಿಗದಿಯಾಗಿತ್ತು. ದನ ಮೇಯುತ್ತಿದ್ದ, ಉರುವಲು ಸಿಗುತ್ತಿದ್ದ ಊರೊಟ್ಟಿನ ನೆಲದಲ್ಲಿ ಕಾರ್ಖಾನೆಯ ತಿರುಳಿಗಾಗಿ ನೀಲಗಿರಿ ಎದ್ದಿತು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯದೊಂದಿಗೆ ಜನ ಹೋಗಿ ನೀಲಗಿರಿ ಸಸಿ ಕಿತ್ತರು, ತಮಗೆ ಬೇಕಾದ ಗಿಡ ಹಚ್ಚಿದರು. ಸತ್ಯಾಗ್ರಹದ ಹೆಸರು ‘ಕಿತ್ತಿಕೊ–ಹಚ್ಚಿಕೊ’.

ಮೈಸೂರು ಕಡೆಯವರು ಗಿಡ ನೆಡುತ್ತಾರೆ, ದೀಪ ಹಚ್ಚುತ್ತಾರೆ. ಧಾರವಾಡದ ಕಡೆ ಗಿಡವನ್ನೂ ಹಚ್ಚುತ್ತಾರೆ. ‘ಕೂಸು ಅಜ್ಜಿನ್ನ ಭಾಳ ಹಚ್ಚಿಕೊಂಡದ’ ಎನ್ನುವಾಗ ಬರುವುದೂ ಇದೇ ಪದ. ಬರಿಯ ನೆಡುವಿಕೆಯಲ್ಲಿ ಈ ಅಂತಃಕರಣ ಇಲ್ಲ.

ಕುಸನೂರಿನ ಮಾತು ಬಂದಾಗಲೆಲ್ಲ ನನಗೆ ‘ಕೈ ಕೆಸರಾದರೆ ಬಾಯಿ ಮೊಸರು’ ನೆನಪಾಗುತ್ತದೆ. ಶಾಲೆಯಲ್ಲಿ ಇದನ್ನು ದುಡಿಮೆಯ ಪಾಠವೆಂದು ಹೇಳಿಕೊಡುತ್ತಾರೆ, ಅದು ಅರ್ಧ ಅರ್ಥ. ಗಾದೆಯಲ್ಲಿ ಕೈ ಯಾರದೆಂದಿಲ್ಲ, ಬಾಯಿ ಯಾರದೆಂದೂ ಇಲ್ಲ. ಎರಡೂ ಒಂದೇ ಮೈಯವು ಎಂದು ಗಾದೆ ಕಟ್ಟಿದವರು ಅಂದುಕೊಂಡಿದ್ದರು. ಬೇರೆಯಾದೀತೆಂಬ ಯೋಚನೆಯೇ ಅವರಿಗಿರಲಿಲ್ಲ. ಗೇಣಿ ಕಾಲದ ಒಕ್ಕಲಿಗನನ್ನು ಕೇಳಿದ್ದರೆ ಗಾದೆಯಲ್ಲಿ ಇನ್ನೊಂದು ಸಾಲು ಇರುತ್ತಿತ್ತು. ಕೆಸರಿನ ಕೈ ಗದ್ದೆಯಲ್ಲಿ, ಮೊಸರಿನ ಬಾಯಿ ಅಟ್ಟದ ಮೇಲೆ. ಕುಸನೂರಿನ ಹುಲ್ಲುಗಾವಲಿನಲ್ಲೂ ಆದದ್ದು ಅದೇ. ನೆಲ ಊರಿನದು, ತಿರುಳು ಕಾರ್ಖಾನೆಯದು. ಈ ಗಾದೆಗೆ ಒಂದು ‘ಕೊ’ ಬೇಕಿತ್ತು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಕೈ ಕೆಸರು ಮಾಡಿಕೊಂಡವನೇ ಮೊಸರು ಉಣ್ಣಬೇಕೆಂಬ ಹಟ ಆಗ ಅದರಲ್ಲಿ ಎದ್ದು ಕಾಣುತ್ತಿತ್ತು.

ಸಸಿ ಕೀಳುವ ಮೊದಲೇ ಜನ ಸುಪ್ರೀಂ ಕೋರ್ಟಿಗೆ ಹೋಗಿದ್ದರು. ಅರ್ಜಿದಾರರಲ್ಲಿ ಶಿವರಾಮ ಕಾರಂತರೂ ಇದ್ದರು. ಕಾಗದದ ಕೆಲಸವನ್ನೂ ಮಣ್ಣಿನ ಕೆಲಸವನ್ನೂ ಜನ ಬೇರೆ ಮಾಡಲಿಲ್ಲ. 1991ರಲ್ಲಿ ಸರ್ಕಾರ ಆ ಕಂಪನಿಯನ್ನು ಮುಚ್ಚುವ ತೀರ್ಮಾನಕ್ಕೆ ಬಂತು. ಅದನ್ನು ‘ಕಂಪನಿಯನ್ನು ಮುಚ್ಚಲಾಯಿತು’ ಎಂದು ಬರೆಯುವವರಿದ್ದಾರೆ. ನಾನು ಬರೆಯುವುದಿಲ್ಲ, ಮುಚ್ಚಿಸಿದವರು ಊರಿನವರು.