ಕಪಾಟಿನ ತುಂಬ ಮಂಡ್ಯ ಸೀಮೆ

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿತ್ತು. ಗೆದ್ದ ಸೈನಿಕರ ಕಣ್ಣು ಚಿನ್ನ, ರತ್ನ, ಕತ್ತಿಗಳ ಮೇಲಿತ್ತು. ಅರಮನೆಯಲ್ಲಿ ಇನ್ನೊಂದು ಸೊತ್ತೂ ಇತ್ತು: ಟಿಪ್ಪು ಸುಲ್ತಾನನ ಗ್ರಂಥಾಲಯದ ಸುಮಾರು ಎರಡು ಸಾವಿರ ಹಸ್ತಪ್ರತಿಗಳು. ಅವುಗಳಲ್ಲಿ ಹೆಚ್ಚಿನವು ಗಾಡಿ, ಹಡಗು ಹತ್ತಿ ಕಲ್ಕತ್ತೆ, ಲಂಡನ್ನು ಸೇರಿದವು. ಚಾರ್ಲ್ಸ್ ಸ್ಟುವರ್ಟ್ ಎಂಬ ಪ್ರಾಧ್ಯಾಪಕ ಕುಳಿತು ಅವಕ್ಕೆಲ್ಲ ವಿವರಣೆ ಬರೆದು, 1809ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಅಚ್ಚು ಹಾಕಿಸಿದ. ಪುಸ್ತಕಗಳನ್ನು ಕಳೆದುಕೊಂಡ ಊರಿಗೆ ಅವುಗಳ ಪಟ್ಟಿಯೂ ಸಿಗಲಿಲ್ಲ.

ಅದಕ್ಕೂ ಎರಡು ವರ್ಷ ಮೊದಲೇ ಫ್ರಾನ್ಸಿಸ್ ಬುಕಾನನ್‌ನ ಮೂರು ಸಂಪುಟಗಳು ಹೊರಬಂದಿದ್ದವು. ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯ ಮೇರೆಗೆ 1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಈ ವೈದ್ಯ ಶ್ರೀರಂಗಪಟ್ಟಣ, ತೊಣ್ಣೂರು, ಮೇಲುಕೋಟೆ, ನಾಗಮಂಗಲಗಳನ್ನೂ ಹಾದು ಹೋದ. ಯಾವ ಹೊಲದಲ್ಲಿ ಏನು ಬೆಳೆ, ಬಳ್ಳ ಕೊಳಗದ ಅಳತೆ ಎಷ್ಟು, ಯಾವ ಜಾತಿಯವರ ಕಸುಬು ಏನು ಎಂದು ಕೇಳಿ ಕೇಳಿ ಬರೆದುಕೊಂಡ. ಇಂದಿಗೂ ಈ ಭಾಗದ ಕೃಷಿ ಚರಿತ್ರೆ ಬರೆಯುವವರು ಮೊದಲು ತೆರೆಯುವುದು ಅವನ ಪುಸ್ತಕವನ್ನೇ.

ಅಂಟಾರ್ಕ್ಟಿಕಾದ ಮೇಲಿನ ವಿಶ್ವಕೋಶ, ಭೂಪಟ, ಗ್ರಂಥಸೂಚಿಗಳನ್ನೆಲ್ಲ ಹೊರಗಿನಿಂದ ಹೋದವರೇ ಬರೆದಿದ್ದಾರೆ. ಅದರಲ್ಲಿ ಆಶ್ಚರ್ಯವಿಲ್ಲ, ಅಲ್ಲಿ ಬರೆಯಲು ಊರವರೇ ಇಲ್ಲ. ಕಾವೇರಿ ತೀರದಲ್ಲಿ ಊರವರಿದ್ದರು, ಪಂಡಿತರಿದ್ದರು, ಓಲೆಗರಿಯ ಕಟ್ಟುಗಳಿದ್ದವು. ಆದರೂ ಈ ನೆಲದ ಬಗ್ಗೆ ಅಚ್ಚಾದ ಮೊದಲ ಆಕರಗ್ರಂಥಗಳು ಹೊರಗಿನವರ ಕೈಯಿಂದ, ಹೊರಗಿನ ಓದುಗರಿಗಾಗಿಯೇ ಬಂದವು. ಇದು ಬದಲಾಗಲು ನೂರು ವರ್ಷ ಹಿಡಿಯಿತು.

ನಡುವೆ ನಿಂತವರು ಬಿ.ಎಲ್. ರೈಸ್. ಇಂಗ್ಲಿಷರ ಪಾದ್ರಿಯೊಬ್ಬರ ಮಗ, ಆದರೆ 1837ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲೇ. ಶಾಲೆಗಳ ತನಿಖೆಗೆಂದು ಊರೂರು ಅಲೆಯುವಾಗ ಶಾಸನಗಳ ಹುಚ್ಚು ಹಿಡಿಯಿತು. ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ ಹನ್ನೆರಡು ಸಂಪುಟಗಳ ಮಾಲೆಯಲ್ಲಿ ಅವರ ತಂಡ ಸುಮಾರು ಒಂಬತ್ತು ಸಾವಿರ ಶಾಸನಗಳನ್ನು ಪ್ರಕಟಿಸಿತು. 1894ರ ಮೂರನೆಯ ಸಂಪುಟದಲ್ಲಿ ಶ್ರೀರಂಗಪಟ್ಟಣ ಬಂತು. 1898ರ ನಾಲ್ಕನೆಯದರಲ್ಲಿ ಕೃಷ್ಣರಾಜಪೇಟೆ, ನಾಗಮಂಗಲ ಬಂದವು. ಪಾಂಡವಪುರದ ಹೆಸರು ಅಲ್ಲಿ ಸಿಗುವುದಿಲ್ಲ. ಆಗ ಅದು ಫ್ರೆಂಚ್ ರಾಕ್ಸ್, ಜನರ ಬಾಯಲ್ಲಿ ಹಿರೋಡೆ. ಅದಕ್ಕೇ ಈಗ ಪಾಂಡವಪುರ ತಾಲ್ಲೂಕಿನಲ್ಲಿರುವ ಮೇಲುಕೋಟೆ, ತೊಣ್ಣೂರಿನ ಕಲ್ಲುಗಳು ಅಲ್ಲಿ ಶ್ರೀರಂಗಪಟ್ಟಣದ ಲೆಕ್ಕದಲ್ಲಿವೆ.

ಆ ಕೆಲಸ ಹೇಗೆ ನಡೆಯುತ್ತಿತ್ತೆಂದರೆ, ಮೊದಲು ಕಲ್ಲಿನ ಪಾಚಿ, ಎಣ್ಣೆ ಜಿಡ್ಡು ತಿಕ್ಕಿ ತೊಳೆಯಬೇಕು. ಮೇಲೆ ಒದ್ದೆ ಕಾಗದ ಹಾಸಿ, ಅಕ್ಷರದ ಕುಳಿಯೊಳಗೆ ಕಾಗದ ಇಳಿಯುವವರೆಗೆ ಬ್ರಷ್ಷಿನಿಂದ ಬಡಿಯಬೇಕು. ಅದು ಆರುತ್ತಾ ಬಂದಾಗ ಬಟ್ಟೆಯ ಉಂಡೆಯಿಂದ ಮಸಿ ಒತ್ತಿದರೆ ಕಪ್ಪು ಕಾಗದದಲ್ಲಿ ಬಿಳಿಯ ಅಕ್ಷರ ಏಳುತ್ತದೆ. ತಾಮ್ರಪಟಗಳಾದರೆ ಬೇರೆ ತಾಪತ್ರಯ, ಅವುಗಳ ಒಡೆಯರನ್ನು ಒಲಿಸಬೇಕು. ನಾಗಮಂಗಲ ತಾಲ್ಲೂಕಿನ 85ನೆಯ ಸಂಖ್ಯೆಯ ದೇವರಹಳ್ಳಿ ತಾಮ್ರಪಟಗಳನ್ನೇ ನೋಡಿ. ಶಕ 698, ಅಂದರೆ ಕ್ರಿ.ಶ. 776ರಲ್ಲಿ ಗಂಗರ ಶ್ರೀಪುರುಷ ಬರೆಸಿದ್ದು. ಕುಂದಾಚ್ಚಿ ಎಂಬ ಹೆಣ್ಣುಮಗಳು ಶ್ರೀಪುರದಲ್ಲಿ ಕಟ್ಟಿಸಿದ ಜಿನಾಲಯಕ್ಕೆ ಪೊನ್ನಳ್ಳಿ ಎಂಬ ಊರನ್ನು ದತ್ತಿ ಬಿಟ್ಟ ದಾಖಲೆ ಅದು. ಸಾವಿರದ ಇನ್ನೂರು ವರ್ಷ ಹಿಂದಿನ ಒಬ್ಬ ಹೆಂಗಸಿನ ಹೆಸರು ಹೀಗೆ ಸಂಪುಟದ ಪುಟಕ್ಕೆ ಬಂತು.

ರೈಸ್ 1906ರಲ್ಲಿ ನಿವೃತ್ತರಾದರು. ಅವರ ಕುರ್ಚಿಗೆ ಬಂದವರು ಅವರ ಕೈಕೆಳಗೇ ಪಳಗಿದ್ದ ಆರ್. ನರಸಿಂಹಾಚಾರ್ಯರು, 1860ರಲ್ಲಿ ಶ್ರೀರಂಗಪಟ್ಟಣ ತಾಲ್ಲೂಕಿನ ಮಂಡ್ಯದ ಕೊಪ್ಪಲಿನಲ್ಲಿ ಹುಟ್ಟಿದವರು. ಶ್ರವಣಬೆಳಗೊಳದ ಸಂಪುಟ ಒಂದೇ ಸಾಕು ಅವರ ಶ್ರದ್ಧೆಗೆ ಸಾಕ್ಷಿ. ರೈಸ್ 1889ರಲ್ಲಿ ಅಲ್ಲಿಂದ ಪ್ರಕಟಿಸಿದ್ದು 144 ಶಾಸನ. ನರಸಿಂಹಾಚಾರ್ಯರು ಅದೇ ಬೆಟ್ಟ, ಅದೇ ಬಂಡೆಗಳನ್ನು ಮತ್ತೆ ಹುಡುಕಿ 1923ರ ಆವೃತ್ತಿಯಲ್ಲಿ 500 ಕೊಟ್ಟರು.

ಅವರ ಹೆಸರು ನಿಂತಿರುವುದು ಮಾತ್ರ ‘ಕರ್ನಾಟಕ ಕವಿಚರಿತೆ’ಯ ಮೇಲೆ. 1907ರ ಮೊದಲ ಸಂಪುಟದಲ್ಲಿ ಎಸ್.ಜಿ. ನರಸಿಂಹಾಚಾರ್ಯರು ಜೊತೆಗಿದ್ದರು. ಅವರು ತೀರಿಕೊಂಡ ಮೇಲೆ 1919 ಮತ್ತು 1929ರ ಸಂಪುಟಗಳ ಹೊರೆ ಇವರೊಬ್ಬರದೇ ಆಯಿತು. ಕಿಟ್ಟೆಲ್, ರೈಸ್ ತಮ್ಮ ಸಂಪಾದನೆಗಳ ಮುನ್ನುಡಿಗಳಲ್ಲಿ ಕನ್ನಡ ಸಾಹಿತ್ಯದ ರೂಪರೇಖೆ ಕೊಟ್ಟಿದ್ದರು, ಇಂಗ್ಲಿಷಿನಲ್ಲಿ. ಇಲ್ಲಿ ಕನ್ನಡ ಕವಿಗಳ ಸಾಲು ಕನ್ನಡದಲ್ಲೇ ನಿಂತಿತು: ಕವಿಯ ಹೆಸರು, ಕಾಲ, ಮತ, ಆಶ್ರಯ ಕೊಟ್ಟ ದೊರೆ, ಬರೆದ ಗ್ರಂಥ, ಒಂದಿಷ್ಟು ಪದ್ಯ. ಕಾಲ ನಿರ್ಣಯಕ್ಕೆ ಅವರ ಉಪಾಯ ಸರಳ. ಯಾವ ಕವಿ ತನಗಿಂತ ಹಿಂದಿನ ಯಾರನ್ನು ನೆನೆದಿದ್ದಾನೆ, ಅವನ ದೊರೆಯ ಹೆಸರು ಯಾವ ಶಾಸನದಲ್ಲಿದೆ ಎಂದು ಓಲೆಗರಿಯನ್ನೂ ಕಲ್ಲನ್ನೂ ಜೋಡಿಸಿ ನೋಡುವುದು. ಎರಡೂ ಒಬ್ಬರ ಕೈಯಲ್ಲೇ ಇದ್ದದ್ದು ಕನ್ನಡದ ಪುಣ್ಯ. ಕವಿಚರಿತೆಯಲ್ಲಿ ರಸವಿಮರ್ಶೆ ಇಲ್ಲ, ಬರೀ ಒಣ ವಿವರ ಎಂಬ ಆಕ್ಷೇಪ ಹಳೆಯದು. ಆ ಒಣ ವಿವರವೇ ಅದನ್ನು ಉಳಿಸಿದೆ. ಕೆಲವು ಕವಿಗಳ ಕಾಲ ಆಚೀಚೆ ಸರಿದಿದೆ, ಆದರೆ ಸರಿಸಿದವರೂ ಮೊದಲು ಕವಿಚರಿತೆ ತೆಗೆದೇ ಮುಂದುವರಿದರು.

ಆಕರಗ್ರಂಥಗಳ ಈ ಕೆಲಸದಲ್ಲಿ ನಾಗಮಂಗಲದ ಪಾಲೂ ಇದೆ. ಬಿ.ಎಂ. ಶ್ರೀಕಂಠಯ್ಯನವರು ಹುಟ್ಟಿದ್ದು ತುಮಕೂರು ಸೀಮೆಯ ಸಂಪಿಗೆಯಲ್ಲಾದರೂ ಅವರ ಹೆಸರಿನ ಮೊದಲ ಅಕ್ಷರ ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನದು. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟಿಗೆ ದುಡಿದವರಲ್ಲಿ ಅವರು ಮುಂದಾಳು. 1946ರ ಜನವರಿ 5ರಂದು ಅವರು ತೀರಿಕೊಂಡರು, ನಿಘಂಟು ಅದೇ ವರ್ಷ ಹೊರಬಂತು.

ಜಿ. ವೆಂಕಟಸುಬ್ಬಯ್ಯನವರ ‘ಜಿ’ ಶ್ರೀರಂಗಪಟ್ಟಣದ ಪಕ್ಕದ ಗಂಜಾಂ. 1913ರಲ್ಲಿ ಹುಟ್ಟಿದ್ದು ಮಂಡ್ಯ ಸೀಮೆಯ ಕೈಗೋನಹಳ್ಳಿಯಲ್ಲಿ, ತಂದೆ ಗಂಜಾಂ ತಿಮ್ಮಣ್ಣಯ್ಯ. ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ–ಕನ್ನಡ ನಿಘಂಟಿನ ಕೆಲಸ 1940ರ ದಶಕದಲ್ಲಿ ಶುರುವಾಯಿತು. ಸಂಪಾದಕರು ಬದಲಾದರು, ಕೆಲವರು ತೀರಿಹೋದರು. ಎಂಟನೆಯ ಸಂಪುಟ ಮುಗಿದದ್ದು 1995ರಲ್ಲಿ, ಒಟ್ಟು ಒಂಬತ್ತು ಸಾವಿರಕ್ಕೂ ಹೆಚ್ಚು ಪುಟ. ಪ್ರತಿ ಶಬ್ದಕ್ಕೂ ಹಳೆಯ ಶಾಸನ, ಕಾವ್ಯಗಳ ಪ್ರಯೋಗ ಕೊಡುವ ಈ ಕೋಶ ಶಾಸನ ಸಂಪುಟಗಳಿಲ್ಲದೆ ಆಗುತ್ತಲೇ ಇರಲಿಲ್ಲ. ಪ್ರಧಾನ ಸಂಪಾದಕರಾಗಿದ್ದ ವೆಂಕಟಸುಬ್ಬಯ್ಯನವರು ‘ಪ್ರಜಾವಾಣಿ’ಯ ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರ ಸಂಶಯಗಳಿಗೂ ಉತ್ತರ ಹೇಳುತ್ತಾ ಹೋದರು. 2021ರ ಏಪ್ರಿಲ್‌ನಲ್ಲಿ ತೀರಿಕೊಂಡಾಗ ಅವರಿಗೆ 107 ವರ್ಷ.

ರೈಸ್ ಅವರ ಮಾಲೆಯನ್ನು ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಪರಿಷ್ಕರಿಸಿ ಹೊರತರುತ್ತಾ ಬಂತು. ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣದವರಿಗೆ 1977ರ ಆರನೆಯ ಸಂಪುಟ, ನಾಗಮಂಗಲದವರಿಗೆ 1979ರ ಏಳನೆಯದು. ಈ ತಾಲ್ಲೂಕುಗಳ ಮೇಷ್ಟ್ರುಗಳು ಅದನ್ನೊಮ್ಮೆ ತೆಗೆದು ಮಕ್ಕಳಿಗೆ ಅವರವರ ಊರಿನ ಪುಟ ತೋರಿಸಬೇಕು. ಕೆರೆ ಏರಿಯ ಮೇಲೋ ಗುಡಿಯ ಹಿಂದೋ ನಿಂತಿರುವ ಅಕ್ಷರದ ಕಲ್ಲು ಅದರಲ್ಲಿ ಸಿಗದಿದ್ದರೆ ಪುರಾತತ್ವ ಇಲಾಖೆಗೆ ಒಂದು ಕಾಗದ ಬರೆಯಿರಿ. ಅಲ್ಲಿಯವರೆಗೆ ದಯವಿಟ್ಟು ಅದಕ್ಕೆ ಸುಣ್ಣ ಬಳಿಯಬೇಡಿ.