ಪಿತೃಗಳ ಲೆಕ್ಕ

ಕಳೆದ ಮಹಾಲಯದಂದು ತರ್ಪಣಕ್ಕೆ ಕುಳಿತಿದ್ದೆ. ಜನಿವಾರವನ್ನು ಬಲ ಹೆಗಲಿಗೆ ಬದಲಿಸಿ, ಎಳ್ಳುನೀರನ್ನು ಹೆಬ್ಬೆರಳು ತೋರುಬೆರಳುಗಳ ನಡುವಿನಿಂದ ಬಿಡುತ್ತ, ತಂದೆ, ತಾತ, ಮುತ್ತಾತ ಈ ಮೂವರ ಹೆಸರುಗಳನ್ನು ತಡೆಯಿಲ್ಲದೆ ಹೇಳಿದೆ. ತಾಯಿಯ ಹೆಸರಾಯಿತು, ಅಜ್ಜಿಯದೂ ಆಯಿತು. “ಪ್ರಪಿತಾಮಹಿ?” ಎಂದು ಶಾಸ್ತ್ರಿಗಳು ಕೇಳಿದಾಗ ಕೈಯ ನೀರು ಕೈಯಲ್ಲೇ ನಿಂತಿತು. ಹಿಂದಿನ ವರ್ಷಗಳಲ್ಲಿ ತಂದೆಯವರ ಕೈಬರಹದ ಚೀಟಿಯೊಂದನ್ನು ನೋಡಿ ಒಪ್ಪಿಸುತ್ತಿದ್ದೆ. ಮನೆ ಬದಲಿಸಿದ ಗಲಾಟೆಯಲ್ಲಿ ಅದು ಕಳೆದುಹೋಗಿತ್ತು. “ಮರೆತಿದೆ, ಶಾಸ್ತ್ರಿಗಳೇ” ಎಂದೆ. ನಿಜವಾಗಿ ಅದು ಮರೆವಲ್ಲ. ಆ ಹೆಸರನ್ನು ನಾನು ಎಂದೂ ನೆನಪಿನಲ್ಲಿ ಇಟ್ಟುಕೊಂಡಿರಲೇ ಇಲ್ಲ.

“ಚಿಂತೆ ಬೇಡಿ, ಹೆಸರು ತಿಳಿಯದವರಿಗೂ ಶಾಸ್ತ್ರದಲ್ಲಿ ದಾರಿಯುಂಟು” ಎಂದರು ಅವರು. ಆ ಮಾತು ನಿಜವೇ. ಪಿತೃಗಳ ಹೆಸರು ಗೊತ್ತಿಲ್ಲದಿದ್ದರೆ ಭೂಮಿಯಲ್ಲಿರುವವರಿಗೆ, ಅಂತರಿಕ್ಷದಲ್ಲಿರುವವರಿಗೆ, ದ್ಯುಲೋಕದಲ್ಲಿರುವವರಿಗೆ ಎಂದು ಹೇಳಿ ಮೂರು ಪಿಂಡಗಳನ್ನಿಡಬೇಕೆಂದು ಹಳೆಯ ಸೂತ್ರಕಾರರು ವಿಧಿಸಿದ್ದಾರೆ. ಅಂದರೆ ಎರಡು ಸಾವಿರ ವರ್ಷಗಳಿಗೂ ಹಿಂದೆಯೇ, ತಾತನ ಹೆಸರು ಹೇಳಲಾರದೆ ತಡವರಿಸುವ ಮೊಮ್ಮಗನಿದ್ದ! ನನ್ನ ನಾಚಿಕೆ ಇದರಿಂದ ಕೊಂಚ ಕಡಮೆಯಾಯಿತು. ಆದರೆ ಹೆಸರಿಗೆ ಇಷ್ಟು ಪಟ್ಟು ಹಿಡಿಯುವುದೇಕೆಂಬ ಪ್ರಶ್ನೆ ಮಾತ್ರ ಉಳಿಯಿತು.

ಸತ್ತವರ ಹೊಟ್ಟೆ ತುಂಬಿಸುವುದೇ ಶ್ರಾದ್ಧದ ಉದ್ದೇಶವೆಂದು ತಿಳಿದವರಿಗೆ ಚಾರ್ವಾಕರು ಬಹಳ ಹಿಂದೆಯೇ ಉತ್ತರ ಕೊಟ್ಟಿದ್ದಾರೆ: ಇಲ್ಲಿಟ್ಟ ಅನ್ನ ಪರಲೋಕಕ್ಕೆ ಮುಟ್ಟುವುದಾದರೆ, ಪರಊರಿಗೆ ಹೊರಟವನಿಗೆ ಬುತ್ತಿಯೇಕೆ? ಈ ಕುಹಕವನ್ನು ಹದಿನಾಲ್ಕನೆಯ ಶತಮಾನದ ‘ಸರ್ವದರ್ಶನಸಂಗ್ರಹ’ ನಮಗಾಗಿ ಉಳಿಸಿಕೊಟ್ಟಿದೆ. ಪ್ರಶ್ನೆ ಚುರುಕಾದದ್ದೇ. ಆದರೆ ಕರ್ಮದ ವಿವರಗಳನ್ನು ನೋಡಿದರೆ ಅದರ ಗಮನವೆಲ್ಲ ಊಟದ ಮೇಲಿಲ್ಲ. ಸತ್ತವನ ಸ್ಥಾನದ ಮೇಲಿದೆ ಎಂದು ನನಗೆ ತೋರುತ್ತದೆ.

ಋಗ್ವೇದದ ಹತ್ತನೆಯ ಮಂಡಲದ ಪಿತೃಸೂಕ್ತದಲ್ಲಿ ಪಿತೃಗಳು ಒಂದು ಸಮೂಹ. ಕೆಳಗಿನವರು, ನಡುವಿನವರು, ಮೇಲಿನವರು ಎಂಬ ವಿಭಾಗವುಂಟೇ ಹೊರತು ಇಂಥವನ ತಂದೆ ಇಂಥವನೆಂಬ ಪಟ್ಟಿಯಿಲ್ಲ. ಮುಂದೆ ಅಮಾವಾಸ್ಯೆಯ ಪಿಂಡಪಿತೃಯಜ್ಞದಲ್ಲಿ ಹೆಸರು ಹಿಡಿದು ಮೂವರಿಗೆ ಪಿಂಡವಿಡುವ ಕ್ರಮ ಕಾಣುತ್ತದೆ. ತಂದೆ ವಸುರೂಪ, ತಾತ ರುದ್ರರೂಪ, ಮುತ್ತಾತ ಆದಿತ್ಯರೂಪ.

ಈ ವ್ಯವಸ್ಥೆಯ ಮರ್ಮವೆಲ್ಲ ಸಪಿಂಡೀಕರಣದಲ್ಲಿದೆ. ಸತ್ತವನು ಕೂಡಲೇ ಪಿತೃವಾಗುವುದಿಲ್ಲ. ಅವನು ಇನ್ನೂ ಪ್ರೇತ, ಅಂದರೆ ಹೊರಟುಹೋದವನು. ಮನೆಗೂ ಸೇರದೆ, ಹಿರಿಯರ ಸಾಲಿಗೂ ಸೇರದೆ ನಡುವೆ ನಿಂತವನು. ವರ್ಷ ತುಂಬಿದಾಗ ಮಾಡಬೇಕಾದ ಈ ಕರ್ಮವನ್ನು ಈಗ ಹೆಚ್ಚಾಗಿ ಹನ್ನೆರಡನೆಯ ದಿನವೇ ಮುಗಿಸುತ್ತಾರೆ. ಪ್ರೇತದ ಪಿಂಡವನ್ನು ಮೂರು ಭಾಗ ಮಾಡಿ, ಅವನ ತಂದೆ, ತಾತ, ಮುತ್ತಾತರ ಪಿಂಡಗಳಲ್ಲಿ ಬೆರೆಸುತ್ತಾರೆ. ನಾನು ನನ್ನ ತಂದೆಯವರಿಗೆ ಇದನ್ನು ಮಾಡಿದ ದಿನ ಒಂದು ಸಂಗತಿ ನನ್ನ ಕಣ್ಣು ತಪ್ಪಿತ್ತು. ತಂದೆಯವರು ಒಳಗೆ ಬಂದರೆ ಸಾಲಿನಲ್ಲಿ ನಾಲ್ವರಾಗಬೇಕಷ್ಟೆ? ಆದರೆ ಪಿಂಡಗಳು ಎಂದಿಗೂ ಮೂರೇ. ಅಂದಿನಿಂದ ಎಲ್ಲಕ್ಕಿಂತ ಹಿರಿಯನು ಸಾಲಿನಿಂದ ಹೊರಗೆ. ಅವನಿಗೂ ಅವನ ಮೇಲಿನ ಇಬ್ಬರಿಗೂ ದೊರೆಯುವುದು ಪಿಂಡವಿಟ್ಟ ಕೈಯನ್ನು ದರ್ಭೆಗೆ ಒರಸಿದಾಗ ಅಂಟುವ ಲೇಪ ಮಾತ್ರ. ಅದಕ್ಕೇ ಅವರು ಲೇಪಭಾಜರು. ಹೊಸ ಸಾವನ್ನು ಕಂಡು ಹೆದರುವ ಮನೆಗೆ ಆ ಸತ್ತವನನ್ನೇ ಹಿರಿಯನಾಗಿ ಒಪ್ಪಿಸಿಕೊಡುವುದು, ಹಳಬನನ್ನು ಮರ್ಯಾದೆಯಿಂದ ಬೀಳ್ಕೊಡುವುದು ಎರಡೂ ಒಂದೇ ಕ್ರಿಯೆಯಲ್ಲಿ ನಡೆದುಹೋಗುತ್ತವೆ.

ಇಷ್ಟಾದರೂ ಇದು ಬರಿಯ ಭಾವನೆಯ ಮಾತಾಗಿ ಉಳಿಯಲಿಲ್ಲ. ಪಿಂಡವಿಡುವವನು ಯಾರೆಂಬ ಪ್ರಶ್ನೆಯ ಹಿಂದೆ ಆಸ್ತಿ ಯಾರಿಗೆಂಬ ಪ್ರಶ್ನೆ ನಿಂತಿತ್ತು. ವಂಗದೇಶದ ಜೀಮೂತವಾಹನನು ‘ದಾಯಭಾಗ’ದಲ್ಲಿ, ಸತ್ತವನಿಗೆ ಪಿಂಡದಿಂದ ಹೆಚ್ಚು ಉಪಕಾರ ಮಾಡಬಲ್ಲವನಿಗೇ ದಾಯದ ಹಕ್ಕು ಮೊದಲೆಂದು ವಾದಿಸಿದ. ನಮ್ಮ ಕಲ್ಯಾಣದಲ್ಲಿ, 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಬೇರೆ ದಾರಿ ಹಿಡಿದಿದ್ದ. ಯಾಜ್ಞವಲ್ಕ್ಯಸ್ಮೃತಿಯ ಮೇಲಿನ ತನ್ನ ‘ಮಿತಾಕ್ಷರಾ’ ವ್ಯಾಖ್ಯಾನದಲ್ಲಿ, ಸಪಿಂಡವೆಂಬ ಮಾತಿನಲ್ಲಿರುವ ಪಿಂಡವೆಂದರೆ ಅನ್ನದ ಉಂಡೆಯಲ್ಲ, ದೇಹ ಎಂದ. ತಂದೆಯ ದೇಹದ ಅಂಶ ಮಗುವಿನಲ್ಲಿದೆ, ತಾಯಿಯದೂ ಇದೆ. ನಂಟು ಹುಟ್ಟುವುದು ಅದರಿಂದ. ತಾಯಿಯ ಕಡೆ ಐದು, ತಂದೆಯ ಕಡೆ ಏಳು ತಲೆಯವರೆಗೆ ಅದರ ವ್ಯಾಪ್ತಿ. ಅನ್ನದ ಉಂಡೆಗೂ ಹೊಲಮನೆಗೂ ಇದ್ದ ಗಂಟನ್ನು ಈ ಒಂದು ಅರ್ಥವಿವರಣೆ ಸಡಿಲಿಸಿತು. ಕೋಲ್‌ಬ್ರೂಕ್ ಎರಡೂ ಗ್ರಂಥಗಳ ದಾಯಪ್ರಕರಣಗಳನ್ನು 1810ರಲ್ಲಿ ಇಂಗ್ಲಿಷಿಗೆ ತಂದ ಮೇಲೆ ನ್ಯಾಯಾಲಯಗಳಲ್ಲಿ ಇವುಗಳ ಭಾರ ಇನ್ನೂ ಹೆಚ್ಚಿತು. 1956ರ ಉತ್ತರಾಧಿಕಾರ ಕಾಯ್ದೆ ಪಿಂಡದ ಲೆಕ್ಕವನ್ನು ಕೈಬಿಟ್ಟಿತು. 2005ರ ತಿದ್ದುಪಡಿಯಿಂದ ಮಗಳೂ ಹುಟ್ಟಿನಿಂದಲೇ ಸಮಪಾಲುದಾರಳಾದಳು.

ಹಕ್ಕಿನ ಮಾತು ತೀರಿದರೂ ಕರ್ಮ ನಿಲ್ಲಲಿಲ್ಲ. ಮಂತ್ರವಿಲ್ಲದ ಮನೆಗಳಲ್ಲೂ ಮಹಾಲಯ ಅಮಾವಾಸ್ಯೆಯ ಆಸುಪಾಸಿನಲ್ಲಿ ಹಿರಿಯರ ಹಬ್ಬವೆಂದು ಹೊಸ ಬಟ್ಟೆಯಿಟ್ಟು, ಸತ್ತವರಿಗೆ ಪ್ರಿಯವಾದ ತಿನಿಸನ್ನೇ ಮಾಡಿ ಎಡೆಯಿಡುತ್ತಾರೆ. ಅಲ್ಲಿ ಗೋತ್ರ ಬೇಕಿಲ್ಲ. ಯಾರಿಗೆ ಏನು ಇಷ್ಟವಾಗಿತ್ತೆಂಬುದು ನೆನಪಿದ್ದರಾಯಿತು. ನನ್ನ ಚೀಟಿಗಿಂತ ಇದು ಮೇಲಲ್ಲವೆ?

ಮರುದಿನ ತೊಂಬತ್ತರ ಹತ್ತಿರವಿರುವ ಸೋದರತ್ತೆಯನ್ನು ಹೋಗಿ ಕೇಳಿದೆ. ಬಹಳ ಹೊತ್ತು ಯೋಚಿಸಿದರು. “ನಾವೆಲ್ಲ ದೊಡ್ಡಜ್ಜಿ ಅಂತಲೇ ಕರೀತಿದ್ದೆವಪ್ಪ. ತೌರಿನ ಹೆಸರು ಬೇರೆ, ಮದುವೇಲಿ ಇಟ್ಟ ಹೆಸರು ಬೇರೆ. ಎರಡೂ ಗೊತ್ತಿಲ್ಲ. ಹುಣಿಸೆಹಣ್ಣು ಬಿಡಿಸೋವಾಗ ಹಾಡು ಹೇಳೋರು.” ಯಾವ ಹಾಡೆಂದು ಕೇಳಿದೆ. ಅತ್ತೆ ಎರಡು ಸಾಲು ಗುನುಗಿ, ಮೂರನೆಯದು ಬಾರದೆ ನಿಲ್ಲಿಸಿದರು.